ನೋವಿನ ಮಾತ್ರೆಯ ಚಟಕ್ಕೆ ಬಿದ್ದವರನ್ನು ಬಿಡಿಸಿಕೊಳ್ಳುವುದು ಹೇಗೆ

ರಾಣೆಬೆನ್ನೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ. ಇಪ್ಪತ್ತೆರಡು ವರ್ಷ ಕೌಂಟರಿನ ಹಿಂದೆ ನಿಂತು, ಯಾರು ಯಾವ ಮಾತ್ರೆ ಯಾಕೆ ಕೇಳುತ್ತಾರೆ ಅನ್ನೋದು ಮುಖ ನೋಡಿದರೇ ಗೊತ್ತಾಗುತ್ತದೆ ಅಂತ ಜಂಬ ಬೆಳೆಸಿಕೊಂಡಿದ್ದೆ. ನನ್ನ ಸ್ವಂತ ತಮ್ಮ ಟಪೆಂಟಡಾಲ್ ಅನ್ನೋ ನೋವಿನ ಮಾತ್ರೆಯ ಚಟಕ್ಕೆ ಬಿದ್ದು ಎಂಟು ತಿಂಗಳಾಗುವವರೆಗೂ ನನಗೆ ತಿಳಿಯಲಿಲ್ಲ. ಹಾಗಾಗಿ ಇದನ್ನು ಬುದ್ಧಿವಂತ ಬರೆದದ್ದು ಅಂತ ಓದಬೇಡಿ.

ಅವನಿಗೆ ಬೈಪಾಸಿನಲ್ಲಿ ಬೈಕಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಡಾಕ್ಟರು ಐದು ದಿನಕ್ಕೆ ಮಾತ್ರೆ ಬರೆದಿದ್ದರು. ಅದೇ ಚೀಟಿ ಹಿಡಿದು ಹರಿಹರ, ಬ್ಯಾಡಗಿ, ಹಿರೇಕೆರೂರು ಅಂತ ತಿರುಗಿದ. ಅಣ್ಣನ ಅಂಗಡಿಗೆ ಮಾತ್ರ ಬರಲಿಲ್ಲ. ಅದೇ ಮೊದಲ ಸುಳಿವು, ನಾನು ಹಿಡಿಯಲಿಲ್ಲ.

ನೀವು ಹಿಡಿಯಬೇಕಾದರೆ ಕಣ್ಣು ನೋಡಿ. ಒಂದು ರಾತ್ರಿ ಊಟಕ್ಕೆ ಕೂತಾಗ ಕರೆಂಟ್ ಹೋಯಿತು. ಮೂಲೆಯಲ್ಲೊಂದು ಮೇಣದಬತ್ತಿ. ಅಷ್ಟು ಮಬ್ಬಿನಲ್ಲಿ ಯಾರ ಕಣ್ಣಿನ ಪಾಪೆಯಾದರೂ ಅಗಲವಾಗಬೇಕು. ಅವನದು ರಾಗಿ ಕಾಳಿನಷ್ಟಿತ್ತು. ತುತ್ತು ಕೈಯಲ್ಲೇ ಇದ್ದ ಹಾಗೆ ತೂಕಡಿಸುತ್ತಿದ್ದ. ಮರುದಿನ ಅವನ ಬೈಕಿನ ಸೈಡ್ ಬಾಕ್ಸ್ ತೆಗೆದೆ. ಖಾಲಿ ಸ್ಟ್ರಿಪ್‌ಗಳನ್ನು ಬೀಡಿ ಕಟ್ಟಿನ ಹಾಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ. ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟೆ.

ಉಳಿದ ಸುಳಿವುಗಳು: ತಿಂಗಳುಗಟ್ಟಲೆ ಮಲಬದ್ಧತೆ, ಮೈ ತುರಿಕೆ, ಲೆಕ್ಕಕ್ಕೆ ಸಿಗದ ದುಡ್ಡು (ನಮ್ಮ ಹೊಲದ ಔಷಧಿ ಹೊಡೆಯೋ ಪಂಪು ಕಳುವಾಗಿದ್ದಲ್ಲ, ಮಾರಾಟವಾಗಿತ್ತು). ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚದಿದ್ದರೆ ಸೂಜಿಯ ಗುಮಾನಿ ಇರಲಿ. ಸೂಜಿ ಚುಚ್ಚಿಕೊಂಡವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಲೇಬೇಕು. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಎದುರಿಗೆ ಕೂರಿಸಿಕೊಂಡು ಕೇಳಿದಾಗ ಅವನು ಹೇಳಿದ್ದು, "ಅಣ್ಣಾ, ಇದು ಡ್ರಗ್ಸ್ ಅಲ್ಲ, ಕಂಪನಿ ಮಾತ್ರಿ. ನಿನ್ನ ಅಂಗಡ್ಯಾಗೂ ಐತಲ್ಲ." ನನಗೆ ಬಾಯಿ ಬರಲಿಲ್ಲ. ಗಸಗಸೆ ಕಾಯಿಯ ಹಾಲಿನಿಂದ ಅಫೀಮು, ಅದರಿಂದ ಮಾರ್ಫಿನ್, ಮಾರ್ಫಿನ್‌ನಿಂದ ಹೆರಾಯಿನ್. ಟ್ರಮಡಾಲ್, ಟಪೆಂಟಡಾಲ್ ಅನ್ನೋ ನೋವಿನ ಮಾತ್ರೆಗಳು ಕಾರ್ಖಾನೆಯವು, ಆದರೆ ಮಿದುಳಿನಲ್ಲಿ ತಟ್ಟೋದು ಅದೇ ಬಾಗಿಲನ್ನು. ಟ್ರಮಡಾಲನ್ನು 2018ರಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯಡಿ ತಂದದ್ದು ಸುಮ್ಮನೆ ಅಲ್ಲ. ಹೆಚ್ಚಾದರೆ ಫಿಟ್ಸ್ ಕೂಡ ತರಿಸುತ್ತದೆ. 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಈ ಅಫೀಮು ಜಾತಿಯ ಒಂದಲ್ಲ ಒಂದು ವಸ್ತು ಬಳಸುತ್ತಾರೆ. "ನಮ್ಮ ಮನಿಗೇ ಯಾಕ ಬಂತು" ಅಂತ ಅವ್ವ ಅಳುವಾಗ ಈ ಲೆಕ್ಕ ಹೇಳಿದೆ. ಅವಳಿಗೆ ಸಮಾಧಾನವೇನೂ ಆಗಲಿಲ್ಲ.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ಮಂದಿಗೆ ಗೊತ್ತಾಗಬಾರದು ಅಂತ ಅವನನ್ನು ಅಟ್ಟದ ಕೋಣೆಗೆ ಹಾಕಿ, ಹೊರಗಿನಿಂದ ಚಿಲಕ ಹಾಕಿದೆ. ಸಂಜೆ ಹೊತ್ತಿಗೆ ಆಕಳಿಕೆ ಶುರುವಾಯಿತು, ಒಂದರ ಹಿಂದೆ ಒಂದು, ದವಡೆ ಬೀಳೋ ಹಾಗೆ. ಮೂಗು, ಕಣ್ಣು ಸೋರತೊಡಗಿದವು. ಮೈಮೇಲೆ ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಗುಳ್ಳೆ ಎದ್ದವು. ಎರಡನೇ ದಿನ ವಾಂತಿ, ಭೇದಿ. ಮಲಗಿದಲ್ಲೇ ಕಾಲು ಝಾಡಿಸುತ್ತಿದ್ದ. ಮೂರನೇ ದಿನ ಕಿಟಕಿಯ ಸರಳು ಬಗ್ಗಿಸಿ ಓಡಿಹೋದ, ಸಂಜೆಯೊಳಗೆ ಮತ್ತೆ ಮಾತ್ರೆ ನುಂಗಿ ಬಂದ.

ಮಾತ್ರೆ ಬಿಟ್ಟಾಗಿನ ಈ ಕಷ್ಟ ಎರಡು ಮೂರನೇ ದಿನ ಜೋರಾಗಿ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಭೇದಿಯಿಂದ ನೀರು ಬತ್ತದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಜೀವಕ್ಕೆ ಕುತ್ತಲ್ಲ. ಆದರೆ ಜೊತೆಗೆ ಕುಡಿತ ಅಥವಾ ನಿದ್ದೆ ಮಾತ್ರೆಯ ಅಭ್ಯಾಸವೂ ಇದ್ದು ಅವನ್ನೂ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಸಾಯಬಹುದು. ಮನೆಯಲ್ಲಿ ಕೂಡಿಹಾಕಬೇಡಿ ಅನ್ನೋದು ಅದಕ್ಕೇ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಹತ್ತು ದಿನ ಬಿಟ್ಟ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ. ಮೊದಲು ಅರಗಿಸಿಕೊಳ್ಳುತ್ತಿದ್ದಷ್ಟನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಸಾಯುವ ಅಪಾಯ ಹೆಚ್ಚಿರೋದು ಬಿಟ್ಟು ಬಂದ ಮೇಲಿನ ವಾರಗಳಲ್ಲಿ, ಮನೆಯವರು ಗೆದ್ದೆವು ಅಂದುಕೊಂಡಾಗ.

ಹಾಗೇನಾದರೂ ಆದರೆ: ಕರೆದರೆ, ಅಲುಗಾಡಿಸಿದರೆ ಏಳುತ್ತಿಲ್ಲ, ಉಸಿರು ನಿಧಾನ ಅಥವಾ ಗೊರಗೊರ, ತುಟಿ ನೀಲಿ, ಕಣ್ಣಿನ ಪಾಪೆ ಚುಕ್ಕೆಯಷ್ಟು. ತಕ್ಷಣ 108ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಲ್ಲಿ ವಾಂತಿ ಇದ್ದರೆ ತೆಗೆಯಿರಿ. ಉಸಿರೇ ಇಲ್ಲದಿದ್ದರೆ 108ರವರು ಫೋನಿನಲ್ಲಿ ಹೇಳಿದಂತೆ ಮಾಡುತ್ತಿರಿ. ಮಜ್ಜಿಗೆ, ನಿಂಬೆಹಣ್ಣು, ಉಪ್ಪುನೀರು ಏನೂ ಕುಡಿಸಬೇಡಿ. ಏನು ನುಂಗಿದ್ದಾನೆ ಅನ್ನೋದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ನಲೋಕ್ಸೋನ್ ಅನ್ನೋ ಇಂಜೆಕ್ಷನ್ ಈ ಮತ್ತನ್ನು ಕೆಲವೇ ನಿಮಿಷದಲ್ಲಿ ಬಿಡಿಸುತ್ತದೆ, ಆದರೆ ಏನಾಗಿದೆ ಅಂತ ಗೊತ್ತಾಗಬೇಕಲ್ಲ.

ಎಲ್ಲಿಗೆ ಹೋಗಬೇಕು? ನಾವು ಮೊದಲು ಹೋಗಿದ್ದು ದೊಡ್ಡ ಬೋರ್ಡಿನ ಒಂದು ಖಾಸಗಿ ಕೇಂದ್ರಕ್ಕೆ. ಮೂರು ತಿಂಗಳ ದುಡ್ಡು ಮುಂಗಡ, ಭೇಟಿಗೆ ಅವಕಾಶವಿಲ್ಲ, ಡಾಕ್ಟರು ಯಾವಾಗ ಬರ್ತಾರೆ ಅಂದರೆ ಉತ್ತರವಿಲ್ಲ. ನಾಲ್ಕನೇ ದಿನಕ್ಕೆ ಕರೆತಂದೆ. ನೀವು ಮೊದಲೇ ಕೇಳಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ, ಮನೋವೈದ್ಯರು ಯಾರು, ಮನೆಯವರು ನೋಡಬಹುದೇ? ಕಟ್ಟಿಹಾಕುತ್ತೇವೆ, ಹೊಡೆದು ಬಿಡಿಸುತ್ತೇವೆ ಅನ್ನುವ ಜಾಗದಿಂದ ಎದ್ದು ಬನ್ನಿ. ರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಕೊನೆಗೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೆಂದೇ 14446 ಅನ್ನೋ ಸಹಾಯವಾಣಿ ಇದೆ. ಬೆಂಗಳೂರಿನ ಕಡೆಯವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ವಿಭಾಗವಿದೆ, ನಮ್ಮ ಕಡೆಗೆ ಧಾರವಾಡದ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ. ಹೆಸರೆತ್ತಿದ ಕೂಡಲೇ ಅವ್ವ, "ಹುಚ್ಚರ ದವಾಖಾನಿಗೆ ನನ್ನ ಮಗನ್ನ ಕಳಸಂಗಿಲ್ಲ" ಅಂದಳು. ವಾದ ಮಾಡದೆ ಅವಳನ್ನೂ ಬಸ್ ಹತ್ತಿಸಿದೆ. ಹೊರರೋಗಿಗಳ ಸಾಲಿನಲ್ಲಿ ಮೇಷ್ಟ್ರು, ಲಾರಿ ಡ್ರೈವರು, ಕೂಸು ಎತ್ತಿಕೊಂಡ ಹೆಣ್ಣುಮಗಳು ಎಲ್ಲರೂ ಇದ್ದರು, ನೋಡಿ ಸುಮ್ಮನಾದಳು.

ಪೊಲೀಸರ ಭಯ ಎಲ್ಲರಿಗೂ ಇರುತ್ತದೆ. ಬಳಸಿದ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ಮಾರುವವನಿಗೆ ಇದು ಅನ್ವಯಿಸೋದಿಲ್ಲ.

ಡಾಕ್ಟರು ಬರೆದದ್ದು ಬ್ಯೂಪ್ರೆನಾರ್ಫಿನ್, ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ನೆಂಟರೆಲ್ಲ ಶುರು ಮಾಡಿದರು: ಒಂದು ಮಾತ್ರೆ ಬಿಡಿಸಿ ಇನ್ನೊಂದು ಹಚ್ಚಿದಿರಲ್ಲ! ಅವರಿಗೆ ನಾನು ಹೇಳಿದ್ದು: ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಇದು. ಮಿದುಳಿನಲ್ಲಿ ಆ ಜಾಗ ಮೊದಲೇ ಹಿಡಿದಿಡುತ್ತದೆ, ಬೇರೆಯದು ಬಂದರೂ ಕೂರಲು ಜಾಗವಿಲ್ಲ. ನಿಯಮವಾಗಿ ತೆಗೆದುಕೊಂಡರೆ ಹಳೆಯ ಮತ್ತಿಲ್ಲ, ಮೈನೋವಿಲ್ಲ, ಕೆಲಸಕ್ಕೆ ಹೋಗಬಹುದು. ಸಕ್ಕರೆ ಕಾಯಿಲೆಯ ಮಾತ್ರೆಯ ಹಾಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕಾಗಬಹುದು. ಆದರೆ ನೀವೇ ತಂದು ಕೊಡಬೇಡಿ: ಹಳೆಯ ಮಾತ್ರೆಯ ಪ್ರಭಾವ ಮೈಯಲ್ಲಿರುವಾಗಲೇ ಇದನ್ನು ಕೊಟ್ಟರೆ, ಕೂತವರನ್ನು ಎಬ್ಬಿಸಿದ ಹಾಗಾಗಿ ಯಾತನೆ ಒಮ್ಮೆಗೇ ಮೇಲೆ ಬೀಳುತ್ತದೆ. ಯಾವಾಗ ಶುರು ಮಾಡಬೇಕು ಅನ್ನೋದು ಡಾಕ್ಟರ ಕೆಲಸ. ಇದರ ಮೇಲೆ ಕುಡಿಯಲೂಬಾರದು.

ನಮ್ಮ ಮನೆಯ ಪದ್ಧತಿ ಹೀಗಿದೆ: ಕೈಗೆ ರೊಕ್ಕ ಕೊಡೋದಿಲ್ಲ, ಬೇಕಾದ್ದು ಕೊಡಿಸುತ್ತೇವೆ. ಹಳೆಯ ಸಾಲ ನಾನೇ ಹೋಗಿ ತೀರಿಸಿದೆ. ನಡುವೆ ಒಮ್ಮೆ ಜಾರಿದ, ಹೊಡೆಯಲು ಕೈ ಎತ್ತಿ ಇಳಿಸಿದೆ, ಮರುದಿನವೇ ಧಾರವಾಡದ ಬಸ್ ಹಿಡಿದೆವು. ಮಾತ್ರೆ ನನ್ನ ಬೀರುವಿನಲ್ಲಿ ಬೀಗದೊಳಗೆ. ದಿನಾ ಬೆಳಗ್ಗೆ ಚಹಾಕ್ಕೆ ಮೊದಲು ನನ್ನೆದುರೇ ನಾಲಿಗೆ ಕೆಳಗೆ ಇಟ್ಟುಕೊಳ್ಳುತ್ತಾನೆ. ಕರಗುವವರೆಗೆ ಹತ್ತು ನಿಮಿಷ ಮಾತಾಡೋ ಹಾಗಿಲ್ಲ. ಅವ್ವ ಆ ಹತ್ತು ನಿಮಿಷ ನೋಡಿಯೇ ಅವನಿಗೆ ಬೈಯಬೇಕಾದ್ದನ್ನೆಲ್ಲ ಬೈದು ಮುಗಿಸುತ್ತಾಳೆ.