ಮಕ್ಕಳಿಗೆ ಸ್ಟೀರಿಯೊ ರುಚಿ ಹತ್ತಿಸುವುದು ಹೇಗೆ

ಕೊಡಗಿನ ವಿರಾಜಪೇಟೆಯಲ್ಲಿ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್ ರಿಪೇರಿ ಮಾಡುವವನು ನಾನು. ತೋಟದ ಮನೆಗಳಿಂದ ಒಳ್ಳೊಳ್ಳೆಯ ಸ್ಟೀರಿಯೊ ಸೆಟ್‌ಗಳು ಬರುತ್ತವೆ. ತಂದವರು ಹೇಳುವುದು ಹೆಚ್ಚುಕಡಿಮೆ ಒಂದೇ: "ಸರಿ ಮಾಡಿಕೊಡಿ, ಆದರೆ ನನ್ನ ನಂತರ ಇದನ್ನು ಕೇಳುವವರಿಲ್ಲ. ಮಕ್ಕಳ ಕಿವಿಯಲ್ಲಿ ಯಾವಾಗಲೂ ಇಯರ್‌ಬಡ್ಸ್." ನಾನಿದನ್ನು ಒಪ್ಪುವುದಿಲ್ಲ. ದಿನವಿಡೀ ಹಾಡು ಕೇಳುವವರಿಗೆ ಸಂಗೀತದ ಆಸೆ ಇಲ್ಲವೆಂದರೆ ಹೇಗೆ? ಸೆಟ್ಟೂ ನಮ್ಮದು, ಹಾಡೂ ನಮ್ಮದು, "ಮುಟ್ಟಬೇಡ" ಎನ್ನುವ ಗದರಿಕೆಯೂ ನಮ್ಮದೇ ಆದರೆ ಅವರು ಹತ್ತಿರ ಬರುವುದಿಲ್ಲ.

ಮೊದಲು ಅವರ ಫೋನನ್ನು ಸೆಟ್ಟಿಗೆ ಸೇರಿಸಿ. ಹಳೆಯ ಆಂಪ್ಲಿಫೈಯರಿನ ಹಿಂದೆಯೂ ಸಾಮಾನ್ಯವಾಗಿ ಆಕ್ಸ್ ಅಥವಾ ಟೇಪ್ ಇನ್ ಎಂದು ಬರೆದ ಸಾಕೆಟ್ ಇರುತ್ತದೆ. ಒಂದು ತುದಿಗೆ 3.5 ಮಿ.ಮೀ. ಪಿನ್, ಇನ್ನೊಂದು ತುದಿಗೆ ಕೆಂಪು-ಬಿಳಿ ಪಿನ್ ಇರುವ ವೈರ್ ಸಾಕು. ಫೋನಿನಲ್ಲಿ ಹೆಡ್‌ಫೋನ್ ತೂತು ಇಲ್ಲದಿದ್ದರೆ ಜೊತೆಗೊಂದು ಟೈಪ್-ಸಿ ಡಾಂಗಲ್. ಫೋನೊ ಎಂದಿರುವ ಸಾಕೆಟ್‌ಗೆ ಮಾತ್ರ ಹಾಕಬೇಡಿ. ಅದು ರೆಕಾರ್ಡ್ ಪ್ಲೇಯರಿನ ಸೂಜಿಯಿಂದ ಬರುವ ಬಹಳ ಸಣ್ಣ ಸಿಗ್ನಲ್‌ಗೆಂದು ಇರುವುದು, ಫೋನ್ ಹಾಕಿದರೆ ಸದ್ದು ಒಡೆದು ಕರ್ಕಶವಾಗುತ್ತದೆ. ಬ್ಲೂಟೂತ್ ರಿಸೀವರ್ ಇಟ್ಟರೂ ಆಗುತ್ತದೆ. ಕ್ವಾಲಿಟಿಯ ಪಾಠವನ್ನು ಮೊದಲ ದಿನವೇ ತೆಗೆಯಬೇಡಿ.

ಆಮೇಲೆ ಸ್ಪೀಕರ್ ಇಡುವ ಕೆಲಸ. ಇದನ್ನು ಪೂರ್ತಿ ಅವರ ಕೈಗೆ ಬಿಡಿ, ಏಕೆಂದರೆ ರುಚಿ ಹತ್ತುವುದು ಇಲ್ಲೇ. ಎರಡು ಸ್ಪೀಕರ್ ಮತ್ತು ಕೂರುವ ಜಾಗ ಸೇರಿ ಸಮಬಾಹು ತ್ರಿಕೋನವಾಗಬೇಕು. ಟ್ವೀಟರ್, ಅಂದರೆ ತೀಕ್ಷ್ಣ ಸ್ವರ ಹೊರಡಿಸುವ ಚಿಕ್ಕ ಭಾಗ, ಕಿವಿಯ ಮಟ್ಟಕ್ಕೆ ಬರಲಿ, ಸ್ಪೀಕರ್ ಗೋಡೆಯಿಂದ ಒಂದಡಿಯಾದರೂ ದೂರ ಇರಲಿ. ಮೂಲೆಗೆ ತಳ್ಳಿದರೆ ಬಾಸ್ ಗುಂಯ್‌ಗುಟ್ಟುತ್ತದೆ. ನಮ್ಮ ಕಡೆಯ ಹಳೆಮನೆಗಳ ಕೆಂಪು ಸಿಮೆಂಟ್ ನೆಲದಲ್ಲಿ ಸದ್ದು ಜಾರಿ ಮರಳಿ ಬರುತ್ತದೆ. ಮುಂದೆ ಒಂದು ದಪ್ಪ ಜಮಖಾನ ಹಾಸಿ ನೋಡಿ, ಹಾಡಿನ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಈಗ ಅರವತ್ತರ ದಶಕದ ಒಂದು ಕನ್ನಡ ಚಿತ್ರಗೀತೆ ಹಾಕಿ. ಆ ಕಾಲದ ಹಾಡುಗಳು ಹೆಚ್ಚಾಗಿ ಮೊನೊ. ಎರಡು ಸ್ಪೀಕರಿನಿಂದಲೂ ಒಂದೇ ಸದ್ದು ಬರುವುದರಿಂದ ಗಾಯಕರ ದನಿ ನಡುವಿನ ಖಾಲಿ ಜಾಗದಲ್ಲಿ ನಿಂತಂತೆ ಕೇಳಬೇಕು. ಆಂಪ್ಲಿಫೈಯರ್ ಆಫ್ ಮಾಡಿ, ಒಂದೇ ಸ್ಪೀಕರಿನ ಪ್ಲಸ್-ಮೈನಸ್ ವೈರ್ ಅದಲು ಬದಲು ಮಾಡಿ, ಮತ್ತೆ ಹಾಕಿಸಿ. ದನಿ ಚೆಲ್ಲಾಪಿಲ್ಲಿಯಾಗುತ್ತದೆ, ಬಾಸ್ ಮಾಯ. ಒಂದು ಸ್ಪೀಕರಿನ ಕೋನ್, ಅಂದರೆ ಅದರುವ ತಟ್ಟೆ, ಮುಂದೆ ತಳ್ಳುವಾಗ ಇನ್ನೊಂದರದ್ದು ಹಿಂದಕ್ಕೆ ಎಳೆದು ಗಾಳಿಯ ಅಲೆಗಳು ಪರಸ್ಪರ ಅಳಿಸಿಹಾಕುವುದೇ ಕಾರಣ. ಫೋನು ಬಿಟ್ಟು ತಲೆಯೆತ್ತದ ಹುಡುಗರೂ ಇದನ್ನು ಕೇಳಿದ ಮೇಲೆ ವೈರ್ ಹಿಡಿದು ನೆಲದಲ್ಲಿ ಕೂತದ್ದನ್ನು ಅಂಗಡಿಯಲ್ಲೇ ನೋಡಿದ್ದೇನೆ. ವೈರಿನ ಬರಿ ತುದಿಗಳು ಒಂದಕ್ಕೊಂದು ತಾಗದಂತೆ ಹೇಳಿಕೊಡಿ. ತಾಗಿದರೆ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು.

ಟ್ರೆಬಲ್, ಅಂದರೆ ಮೇಲಿನ ತೀಕ್ಷ್ಣ ಸ್ವರಗಳು, ಎಷ್ಟಿರಬೇಕೆಂದು ಅವರನ್ನೇ ಕೇಳಿ. ಎಳೆಯ ಕಿವಿಗೆ 20,000 ಹರ್ಟ್ಸ್ ಹತ್ತಿರದವರೆಗೂ ಕೇಳುತ್ತದೆ. ವಯಸ್ಸಾದಂತೆ ಆ ಮೇಲಿನ ಭಾಗ ನಮಗೆ ಕಳೆದುಹೋಗುತ್ತದೆ. ನಾವು ತಿರುಗಿಸಿಟ್ಟ ಟ್ರೆಬಲ್ ಅವರಿಗೆ ಚುಚ್ಚುತ್ತಿರಬಹುದು.

ಹಾಡು ಅವರದ್ದೇ ಇರಲಿ, ರ‍್ಯಾಪ್ ಆದರೂ ಸರಿ. ನಡುವೆ ನಿಮ್ಮದೊಂದು ಸೇರಿಸಬೇಕೆಂದಿದ್ದರೆ ಚೆನ್ನಾಗಿ ರೆಕಾರ್ಡ್ ಆದ ನಮ್ಮ ಕೊಡಗಿನ ವಾಲಗದ ವಾದ್ಯ ಹಾಕಿ. ಮದುವೆ ಮನೆಯಲ್ಲಿ ಅದಕ್ಕೆ ಕುಣಿದವರಿಗೆ ಪೆಟ್ಟು ಎದೆಗೆ ತಾಗುವುದು ಗೊತ್ತು. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಗಾಳಿ ತಳ್ಳಲಾರದು. ಇಯರ್‌ಬಡ್ಸ್ ಬಾಸನ್ನು ಕಿವಿಗೆ ಕೊಡುತ್ತದೆ, ಮೈಗಲ್ಲ. ಸ್ಪೀಕರಿನ ಎಂಟು ಇಂಚಿನ ವೂಫರ್, ಅಂದರೆ ಬಾಸಿನ ದೊಡ್ಡ ಕೋನ್, ಮೈಗೂ ಕೊಡುತ್ತದೆ, ಅದೂ ಪಕ್ಕದಲ್ಲಿ ಕೂತವರಿಗೂ ಸೇರಿಸಿ.

ಜೂನ್, ಜುಲೈಯಲ್ಲಿ ಇದಕ್ಕೆ ಕೈ ಹಾಕಬೇಡಿ. ಹಂಚಿನ ಮೇಲೆ ಮಳೆ ಹೊಡೆಯುವಾಗ ಮೆಲುದನಿಯೆಲ್ಲ ಮುಳುಗಿಹೋಗುತ್ತದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಹಿಂದೆಗೆದ ಮೇಲೆ, ಸುಗ್ಗಿಯ ಹುತ್ತರಿ ಹಬ್ಬಕ್ಕೆ ಮಕ್ಕಳು ಊರಿಗೆ ಬರುವ ಹೊತ್ತು ಒಳ್ಳೆಯದು. ಮಳೆಗಾಲದಲ್ಲಿ ಸೆಟ್ಟನ್ನು ಆಗಾಗ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಗುಡುಗಿನ ದಿನ ಪ್ಲಗ್ ಕಿತ್ತಿಡಿ.

ಮೈಸೂರಿನ ಪಿಜಿಗೆ ಒಂದು ಸೆಟ್ ಬೇಕೆಂದು ಅವರೇ ಕೇಳಿದರೆ ಕಳಿಸಿಕೊಡಿ. ಕಳಿಸುವ ಮೊದಲು ವೂಫರಿನ ಅಂಚಿನ ಫೋಮನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಪುಡಿ ಉದುರಿದರೆ ಮೊದಲು ಹೊಸ ಫೋಮ್ ಕೂರಿಸಬೇಕು.