ಮೂರೇ ವರ್ಷ, ಆರಡಿ ನಾಲ್ಕಿಂಚು: ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನನ್ನ ಅನುಭವ

ಜೂನ್ ಬಂತು ಅಂದರೆ ನನ್ನ ನೋಟ್‌ಬುಕ್ಕಿನಲ್ಲಿ ತಂಡದ ಹನ್ನೆರಡು ಹೆಸರು ಬರೆದು, ಪದವಿ ಮುಗಿಸಿ ಹೋದವರ ಮೇಲೆ ಗೀಟು ಎಳೆಯುತ್ತೇನೆ. ನಾಲ್ಕು ಗೀಟು ಬಿದ್ದರೆ ಆ ವರ್ಷ ಪರವಾಗಿಲ್ಲ. ಏಳು ಬಿದ್ದರೆ ತಲೆನೋವು. ಗೀಟು ಬಿದ್ದ ಹೆಸರು ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದವನದ್ದಾದರೆ ತಲೆನೋವು ಎರಡು ವರ್ಷಕ್ಕೆ.

ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ಸಂಜೆ ಹೊತ್ತು ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ಹಗಲು ಬೇರೆ ನೌಕರಿ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಗೊತ್ತಾಗಿರುವುದು ಒಂದೇ. ಗಾರ್ಡ್‌ಗಳು, ಅಂದರೆ ಹೊರಗಿನಿಂದ ಚೆಂಡು ತಂದು ಆಟ ನಡೆಸುವವರು, ಸಿಗುತ್ತಾರೆ, ಎತ್ತರದವರನ್ನು ನಾವೇ ಮಾಡಿಕೊಳ್ಳಬೇಕು. ಗಾರ್ಡ್ ಆಡುವ ಹುಡುಗ ಶಾಲೆಯಲ್ಲೇ ಆಡಿ ಬಂದಿರುತ್ತಾನೆ. ಡ್ರಿಬಲ್ ಗೊತ್ತು, ಶಾಟ್ ಗೊತ್ತು, ಸ್ವಲ್ಪ ಜಂಬವೂ ಇರುತ್ತದೆ. ಆರಡಿ ನಾಲ್ಕಿಂಚಿನ ಹುಡುಗ ಮಾತ್ರ ಚೆಂಡನ್ನೇ ಸರಿಯಾಗಿ ಹಿಡಿದಿರುವುದಿಲ್ಲ. ಅವನು ತಯಾರಾಗಲು ಎರಡು ವರ್ಷ ಬೇಕು. ಪದವಿ ಇರುವುದು ಮೂರು ವರ್ಷ. ಅಂದರೆ ನಮಗೆ ದಕ್ಕುವುದು ಒಂದೇ ವರ್ಷ.

ನಡುವೆ ಒಂದು ಆಸೆ ಹುಟ್ಟಿತ್ತು. 2021ರಲ್ಲಿ ಕರ್ನಾಟಕದಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ನಾಲ್ಕನೇ ವರ್ಷದ ಆನರ್ಸ್ ಪದವಿಗೂ ದಾರಿ ಆಯಿತು. ಎತ್ತರದ ಹುಡುಗ ಇನ್ನೊಂದು ವರ್ಷ ಉಳಿದರೂ ಉಳಿಯಬಹುದು ಅಂತ ನಾನು ಮನಸ್ಸಿನಲ್ಲೇ ಮಂಡಿಗೆ ತಿಂದೆ. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಶಿಕ್ಷಣಕ್ಕೆ ಯಾವುದು ಒಳ್ಳೆಯದೋ ತಿಳಿದವರು ಹೇಳಲಿ. ನನ್ನ ಸೆಂಟರ್‌ಗಳ ಲೆಕ್ಕಕ್ಕಂತೂ ಹೊಡೆತ ಬಿತ್ತು.

ಅಮೆರಿಕದ ಕಾಲೇಜು ಆಟ ನೋಡುವ ನಮ್ಮ ಹುಡುಗರು ಕೇಳುತ್ತಾರೆ, 'ಸರ್, ಅಲ್ಲಿ ಹೆಂಗೆ ವರ್ಷಕ್ಕೊಂದು ಹೊಸ ತಂಡ ಕಟ್ತಾರೆ?' ಅಲ್ಲಿ 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಶುರುವಾಯಿತು. ಕಾಲೇಜು ಬಿಡಬೇಕು ಅನ್ನುವ ಆಟಗಾರ ಅದರಲ್ಲಿ ಹೆಸರು ಹಾಕಿಸುತ್ತಾನೆ, ಬೇರೆ ಕೋಚ್‌ಗಳು ಅವನನ್ನು ಮಾತಾಡಿಸುತ್ತಾರೆ. ಮೊದಲು ಕಾಲೇಜು ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಲ್ಲಿ, ಮೊದಲ ಸಲ ಬದಲಿಸುವವರಿಗೆ ಅದೂ ತಪ್ಪಿತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಫೋಟೋ ಬಳಸಲು ಬಿಟ್ಟು ದುಡ್ಡು ಮಾಡಬಹುದು ಅಂತಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಪ್ರಕಾರ ಈಗ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು. ಹಾಗೆ ಕೊಡುವ ಕಾಲೇಜಿನ ತಂಡದಲ್ಲಿ 15 ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ಸೆಂಟರ್ ಹೋದರೆ ಬೆಳೆದು ನಿಂತ ಇನ್ನೊಬ್ಬ ಸೆಂಟರ್‌ನನ್ನು ತರುತ್ತಾರೆ, ಅಷ್ಟೇ.

ಆದರೂ ನಮ್ಮ ಹುಡುಗರಿಗೆ ನಾನು ತೋರಿಸುವುದು ಜ್ಯಾಕ್ ಈಡಿಯನ್ನು. ಏಳಡಿ ನಾಲ್ಕಿಂಚಿನ ಕೆನಡಾದ ಹುಡುಗ. ಚಿಕ್ಕವನಿದ್ದಾಗ ಆಡುತ್ತಿದ್ದದ್ದು ಐಸ್ ಹಾಕಿ, ಬೇಸ್‌ಬಾಲ್. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಹೈಸ್ಕೂಲಿನಲ್ಲಿ. ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಬಂದಾಗ ದೊಡ್ಡ ಹೆಸರೇನೂ ಇರಲಿಲ್ಲ. ಮೊದಲ ವರ್ಷ ಪಂದ್ಯಕ್ಕೆ ಸುಮಾರು 15 ನಿಮಿಷ ಆಡಿದ, ಎರಡನೇ ವರ್ಷ ಸುಮಾರು 19 ನಿಮಿಷ. ಸುತ್ತಮುತ್ತ ಎಲ್ಲರೂ ಕಾಲೇಜು ಬದಲಿಸುತ್ತಿದ್ದಾಗ ಇವನು ಒಂದೇ ಕೋಚ್ ಮ್ಯಾಟ್ ಪೇಂಟರ್ ಹತ್ತಿರ ನಾಲ್ಕು ವರ್ಷ ಉಳಿದ. 2023 ಮತ್ತು 2024ರಲ್ಲಿ ಇಡೀ ದೇಶದ ಶ್ರೇಷ್ಠ ಕಾಲೇಜು ಆಟಗಾರ ಅನ್ನಿಸಿಕೊಂಡ. 2024ರ ಫೈನಲ್‌ನಲ್ಲಿ ಕನೆಕ್ಟಿಕಟ್ ಎದುರು ತಂಡ 75-60ರಲ್ಲಿ ಸೋತಿತು. ಆ ಅರವತ್ತರಲ್ಲಿ 37 ಅವನದೇ.

ನಮ್ಮಲ್ಲಿ ಪೋರ್ಟಲ್ ಇಲ್ಲ, ದ್ವಿತೀಯ ಪಿಯುಸಿ ಫಲಿತಾಂಶ ಇದೆ. ಸ್ವಲ್ಪ ಆಟ ಕಲಿತ ಎತ್ತರದ ಹುಡುಗ ಆಗಲೇ ಕೈ ತಪ್ಪುವುದು. ಬೆಂಗಳೂರಿನ ಯಾವುದೋ ಕಾಲೇಜು ಫೀಸು ಬಿಟ್ಟು ಹಾಸ್ಟೆಲ್ ಕೊಡುತ್ತೇವೆ ಅನ್ನುತ್ತದೆ, ಹುಡುಗ ಹೋಗುತ್ತಾನೆ. ನಾನು ತಡೆಯುವುದಿಲ್ಲ. ಅವನ ಮನೆಯ ಕಷ್ಟ ನನಗೂ ಗೊತ್ತಿರುತ್ತದೆ. ಪದವಿಯ ನಡುವೆ ಸೈನ್ಯಕ್ಕೋ ರೈಲ್ವೆಗೋ ಸ್ಪೋರ್ಟ್ಸ್ ಕೋಟಾದಲ್ಲಿ ಆಯ್ಕೆಯಾಗಿ ಹೋದವರೂ ಇದ್ದಾರೆ. ಅದಕ್ಕೆ ನಾನು ಸಿಹಿ ಹಂಚಿದ್ದೇನೆ. ಸಂಜೆ ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುವುದು ಬೇರೆ ಮಾತು.

ಹಾಗಾಗಿ ನಾನು ಹುಡುಕುವುದು ಬ್ಯಾಸ್ಕೆಟ್‌ಬಾಲ್ ಗೊತ್ತಿರುವ ಎತ್ತರದವರನ್ನಲ್ಲ, ಸುಮ್ನೆ ಎತ್ತರದವರನ್ನು. ಅಡ್ಮಿಷನ್ ದಿನಗಳಲ್ಲಿ ಸಾಲಿನಲ್ಲಿ ತಲೆ ಯಾರದು ಮೇಲಿದೆ ಅಂತ ನೋಡುತ್ತೇನೆ. ಹಾಸ್ಟೆಲ್ ವಾರ್ಡನ್ ಹತ್ತಿರ 'ಮಂಚದ ಆಚೆ ಕಾಲು ಬರೋ ಹುಡುಗ್ರು ಯಾರಿದ್ದಾರೆ?' ಅಂತ ಕೇಳುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಕಡೆಯಿಂದ ಬರುವವರಲ್ಲಿ ವಾಲಿಬಾಲ್, ಕಬಡ್ಡಿ ಆಡಿದವರು ಜಾಸ್ತಿ. ಅದು ಒಳ್ಳೆಯದೇ. ಭಾರತ ತಂಡಕ್ಕೆ ಸೆಂಟರ್ ಆಗಿ ಆಡಿದ ಅಮೃತ್‌ಪಾಲ್ ಸಿಂಗ್ ಪಂಜಾಬಿನ ಹಳ್ಳಿಯಲ್ಲಿ ಕಬಡ್ಡಿ ಆಡಿಕೊಂಡಿದ್ದವರು. ಬ್ಯಾಸ್ಕೆಟ್‌ಬಾಲ್‌ಗೆ ಬಂದದ್ದು ಹೆಚ್ಚೂಕಡಿಮೆ ನಮ್ಮ ಹುಡುಗರು ಕಾಲೇಜಿಗೆ ಸೇರುವ ವಯಸ್ಸಿನಲ್ಲಿ. 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡ ಅವರನ್ನು ಸೇರಿಸಿಕೊಂಡಿತು. 'ತಡವಾಯ್ತು ಸರ್' ಅನ್ನುವ ಹುಡುಗನಿಗೆ ಈ ಒಂದು ಹೆಸರು ಸಾಕು.

ಪಿರಿಯಾಪಟ್ಟಣ ಕಡೆಯ ಒಬ್ಬ ಹುಡುಗನ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಿ.ಕಾಂ. ಸೇರಿದ್ದ. ಆರಡಿ ನಾಲ್ಕಿಂಚು, ಕಡ್ಡಿ ಹಾಗೆ. ಊರಲ್ಲಿ ವಾಲಿಬಾಲ್ ಆಡಿದ್ದ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಮಳೆಗಾಲದಲ್ಲಿ ಸೊಪ್ಪು ಮುರಿದು ಬ್ಯಾರನ್‌ನಲ್ಲಿ ಬೇಯಿಸುವ ಕಾಲಕ್ಕೆ ರಾತ್ರಿಯಿಡೀ ಬೆಂಕಿ ನೋಡಿಕೊಳ್ಳಬೇಕು. ನಮ್ಮ ಅಂತರ ಕಾಲೇಜು ಪಂದ್ಯಗಳ ತಯಾರಿಯೂ ಅದೇ ಹೊತ್ತಿಗೆ. ಅವರಪ್ಪ ಕಾಲೇಜಿಗೇ ಬಂದು ಕೇಳಿದರು, 'ಇವ್ನು ಚೆಂಡು ಆಡ್ಕೊಂಡು ನಿಂತ್ರೆ ಬ್ಯಾರನ್ ಬೆಂಕಿ ನೋಡೋರ್ಯಾರು ಮೇಷ್ಟ್ರೇ?'

ಅವರು ಕೇಳಿದ್ದರಲ್ಲಿ ನ್ಯಾಯ ಇತ್ತು. ಕೊನೆಗೆ ಶುಕ್ರವಾರ ಸಂಜೆ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ವಾಪಸ್ ಬರುವುದು ಅಂತ ಮಾತಾಯಿತು. ಸೋಮವಾರ ನಾನು ಅವನನ್ನು ಓಡಿಸುತ್ತಿರಲಿಲ್ಲ. ನಿದ್ದೆಗೆಟ್ಟ ಕಾಲಿಗೆ ಓಡಿಸಿದರೆ ಪಾದ ತಿರುಚಿಕೊಳ್ಳುತ್ತಾನೆ, ಇನ್ನೇನೂ ಆಗುವುದಿಲ್ಲ. ಊರಿಗೆ ಹೋಗುವಾಗ ಒಂದು ಸ್ಕಿಪ್ಪಿಂಗ್ ಹಗ್ಗ ಕೊಟ್ಟು ಕಳಿಸಿದೆ. ಬ್ಯಾರನ್ ಮುಂದೆ ಹೇಗೂ ಎದ್ದೇ ಇರುತ್ತೀಯ, ಹಗ್ಗ ಆಡು ಅಂದೆ. ಅವರಪ್ಪ ಹೊರಡುವಾಗ, 'ಆಡ್ಲಿ ಬಿಡಿ, ಬಿ.ಕಾಂ. ಮಾತ್ರ ಪಾಸಾಗ್ಬೇಕು' ಅಂದರು.

ಹಗ್ಗದ ವಿಷಯ ತಮಾಷೆಯಲ್ಲ. ಎತ್ತರದ ಹುಡುಗನ ಮೊದಲ ವರ್ಷ ಪೂರ್ತಿ ಪಾದಗಳ ಕೆಲಸ. ಹದಿನೈದು ಹದಿನಾರರಲ್ಲಿ ಸರ್ರನೆ ಬೆಳೆದ ಹುಡುಗನಿಗೆ ತನ್ನ ಕಾಲು ಎಲ್ಲಿದೆ ಅನ್ನುವುದೇ ಸರಿಯಾಗಿ ಗೊತ್ತಿರುವುದಿಲ್ಲ. ಇದು ಇವತ್ತಿನ ತಿಳಿವಳಿಕೆಯಲ್ಲ. 1942ರಲ್ಲಿ ಶಿಕಾಗೋದ ಡಿಪಾಲ್ ಕಾಲೇಜಿಗೆ ರೇ ಮೇಯರ್ ಕೋಚ್ ಆಗಿ ಬಂದರು. ಅಲ್ಲಿ ಜಾರ್ಜ್ ಮೈಕನ್ ಅಂತ ಆರಡಿ ಹತ್ತಿಂಚಿನ, ದಪ್ಪ ಕನ್ನಡಕದ ಹುಡುಗ ಇದ್ದ. ಇಷ್ಟು ಎತ್ತರದವರು ಈ ಆಟಕ್ಕೆ ಲಾಯಕ್ಕಿಲ್ಲ ಅಂತಿದ್ದ ಕಾಲ ಅದು. ಮೇಯರ್ ಅವನಿಗೆ ಹಗ್ಗ ಆಡಿಸಿದರು, ಬಾಕ್ಸಿಂಗ್ ಮಾಡಿಸಿದರು, ಡ್ಯಾನ್ಸ್ ಕೂಡ ಕಲಿಸಿದರು. ಮುಂದೆ ಅವನು ರಿಂಗ್ ಮೇಲಿಂದ ಎದುರಾಳಿಗಳ ಚೆಂಡು ತಳ್ಳಿಹಾಕುವುದು ಎಷ್ಟಾಯಿತು ಅಂದರೆ, ರಿಂಗ್ ಕಡೆಗೆ ಕೆಳಗಿಳಿಯುತ್ತಿರುವ ಚೆಂಡನ್ನು ಮುಟ್ಟಬಾರದು ಅನ್ನುವ ನಿಯಮವನ್ನೇ ತಂದರು.

ಅವನ ಹೆಸರಿನ ಡ್ರಿಲ್ ಇವತ್ತಿಗೂ ನನ್ನ ಮುಖ್ಯ ಪಾಠ. ರಿಂಗ್ ಕೆಳಗೆ ನಿಲ್ಲಬೇಕು. ಬಲಗಡೆಯಿಂದ, ಎಡಗಾಲ ಮೇಲೆ ಎದ್ದು, ಬಲಗೈಯಲ್ಲಿ ಬೋರ್ಡಿಗೆ ಹಾಕಬೇಕು. ಬಲೆಯಿಂದ ಇಳಿದ ಚೆಂಡನ್ನು ನೆಲಕ್ಕೆ ಬಿಡದೆ ಹಿಡಿದು, ಎಡಕ್ಕೆ ಸರಿದು, ಬಲಗಾಲ ಮೇಲೆ ಎದ್ದು ಎಡಗೈಯಲ್ಲಿ ಹಾಕಬೇಕು. ಮತ್ತೆ ಬಲಕ್ಕೆ. ಚೆಂಡು ಭುಜಕ್ಕಿಂತ ಕೆಳಗೆ ಬರಬಾರದು. ನೋಡೋಕೆ ಸುಲಭ. ಮೊದಲ ವಾರ ಹುಡುಗ ಎರಡೂ ಕಾಲು ಗೊಂದಲ ಮಾಡಿಕೊಂಡು ನಿಂತುಬಿಡುತ್ತಾನೆ, ಗಾರ್ಡ್‌ಗಳು ಪಕ್ಕದಲ್ಲಿ ನಿಂತು ನಗುತ್ತಾರೆ. ನಗುವವರನ್ನು ನಾನು ಆ ಡ್ರಿಲ್‌ಗೇ ಕರೆದು ನಿಲ್ಲಿಸುತ್ತೇನೆ. ಎಡಗೈ ಬಂದಾಗ ಅವರಿಗೂ ಕಷ್ಟವೇ.

ಭುಜದ ಮೇಲೆ ಚೆಂಡು ಇಡುವುದು ಒಂದು ಚಟವಾಗಬೇಕು. ರಿಬೌಂಡ್, ಅಂದರೆ ಬೀಳದೆ ರಿಂಗ್‌ಗೆ ಬಡಿದು ವಾಪಸ್ ಬಂದ ಚೆಂಡು, ಹಿಡಿದ ತಕ್ಷಣ ಹೊಸಬರೆಲ್ಲ ಚೆಂಡನ್ನು ಹೊಟ್ಟೆಗೆ ಇಳಿಸುತ್ತಾರೆ. ಅಲ್ಲಿ ಐದಡಿ ಆರಿಂಚಿನವನು ಕಾಯುತ್ತಿರುತ್ತಾನೆ, ಕಿತ್ತುಕೊಂಡು ಓಡುತ್ತಾನೆ. 'ಗಲ್ಲದ ಕೆಳಗೆ ಇಟ್ಕೊಳೋ, ಮೊಣಕೈ ಅಗಲ ಮಾಡೋ' ಅಂತ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ. ಹಿಡಿತಕ್ಕೆ ಟೆನ್ನಿಸ್ ಚೆಂಡು ಎಸೆದು ಒಂದೇ ಕೈಯಲ್ಲಿ ಹಿಡಿಸುತ್ತೇನೆ. ಅದಕ್ಕೆ ಖರ್ಚೂ ಕಡಿಮೆ.

ಖರ್ಚು ಇರುವುದು ಶೂನಲ್ಲಿ. ಹನ್ನೆರಡು, ಹದಿಮೂರನೇ ನಂಬರಿನ ಬ್ಯಾಸ್ಕೆಟ್‌ಬಾಲ್ ಶೂ ಸಾಮಾನ್ಯ ಅಂಗಡಿಯಲ್ಲಿ ಸಿಗುವುದೇ ಇಲ್ಲ. ಬಿಗಿ ಶೂ ಹಾಕಿಕೊಂಡು ಸಿಮೆಂಟ್ ಕೋರ್ಟಿನಲ್ಲಿ ಎಗರಿದರೆ ಮೊದಲು ಉಗುರು ಹೋಗುತ್ತದೆ, ಆಮೇಲೆ ಮಂಡಿ. ನಮ್ಮದು ಸಿಮೆಂಟ್ ಕೋರ್ಟೇ. ಅದಕ್ಕೆ ಎಗರುವ ಕಸರತ್ತನ್ನೆಲ್ಲ ಪಕ್ಕದ ಮಣ್ಣಿನ ಮೈದಾನಕ್ಕೆ ಒಯ್ದೆ. ಕೋರ್ಟಿನ ಮೇಲೆ ಕಾಲು ಇಡುವುದು, ತಿರುಗುವುದು, ಬೆನ್ನು ಕೊಟ್ಟು ಜಾಗ ಹಿಡಿಯುವುದು ಇಷ್ಟೇ. ಮಂಡಿಚಿಪ್ಪಿನ ಕೆಳಗೆ ನೋವು ಅಂದರೆ ಅವತ್ತು ಎಗರುವುದು ಬಂದ್. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ, ಮುಂದೆ ಸೆಮಿಫೈನಲ್ ಇದ್ದರೂ.

ಮೊದಲ ವರ್ಷ ಪಂದ್ಯದಲ್ಲಿ ಎಷ್ಟು ಹೊತ್ತು ಆಡಿಸಬೇಕು? ನಾನು ಪ್ರತಿ ಕ್ವಾರ್ಟರ್‌ನ ಹತ್ತು ನಿಮಿಷದಲ್ಲಿ ಎರಡೋ ಮೂರೋ ನಿಮಿಷ ಕೊಡುತ್ತೇನೆ, ಅಷ್ಟರಲ್ಲಿ ಒಂದೇ ಕೆಲಸ ಹೇಳುತ್ತೇನೆ. 'ಇವತ್ತು ಬಾಕ್ಸ್ ಔಟ್ ಮಾತ್ರ. ಪಾಯಿಂಟ್ ಬೇಡ.' ಬಾಕ್ಸ್ ಔಟ್ ಅಂದರೆ ಎದುರಾಳಿಯನ್ನು ಬೆನ್ನಿನಿಂದ ತಡೆದು ರಿಬೌಂಡ್‌ಗೆ ಜಾಗ ಹಿಡಿಯುವುದು. ಹೊಸ ಸೆಂಟರ್‌ನ ದೊಡ್ಡ ಶತ್ರು ಅವನ ಕೈ. ಯಾರೋ ರಿಂಗ್ ಹತ್ತಿರ ಓಡಿ ಬಂದು ಚೆಂಡು ಹಾಕಲು, ಅಂದರೆ ಲೇ-ಅಪ್‌ಗೆ, ಬಂದರು ಅಂದರೆ ಕೈ ಬೀಸಿಬಿಡುತ್ತಾನೆ. ಐದು ಫೌಲ್ ಆದರೆ ಹೊರಗೆ. ತನ್ನ ಜಾಗದಲ್ಲೇ ಕೈ ನೇರ ಎತ್ತಿ, ನೇರ ಮೇಲಕ್ಕೆ ಎಗರಿದರೆ ನಿಯಮ ಅವನ ಪರ. ಇದನ್ನು ಗೋಡೆಯ ಮುಂದೆ ನಿಲ್ಲಿಸಿ ಕಲಿಸುತ್ತೇನೆ. ಮೂಗು ಗೋಡೆಗೆ, ಕೈ ಮೇಲೆ, ಎಗರು. ಕೈ ಮುಂದೆ ಬಂದರೆ ಗೋಡೆಗೆ ತಾಗುತ್ತದೆ, ನಾನು ಹೇಳಬೇಕಾಗಿಯೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಪಿರಿಯಾಪಟ್ಟಣದ ಹುಡುಗ ಎರಡನೇ ವರ್ಷದ ಶುರುವಿನಲ್ಲಿ ಹಿಂದೆ ಬಿದ್ದ. ಅಭ್ಯಾಸದಲ್ಲಿ ಚೆನ್ನಾಗಿದ್ದ, ಪಂದ್ಯದಲ್ಲಿ ಕಾಣಿಸುತ್ತಲೇ ಇರಲಿಲ್ಲ. ಅವನಿಗೆ ಏನಾಯಿತು ಅಂತ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಆಗಿದ್ದು ಅವನಿಗಲ್ಲ. ಹಿಂದಿನ ವರ್ಷದ ಪಾಯಿಂಟ್ ಗಾರ್ಡ್ ಪದವಿ ಮುಗಿಸಿ ಹೋಗಿದ್ದ. ಆ ಗಾರ್ಡ್‌ಗೆ ಇವನು ಎಡಭುಜದ ಮೇಲೆ ತಿರುಗುತ್ತಾನೆ, ಚೆಂಡು ಬಲಗೈಗೆ ಬೌನ್ಸ್ ಆಗಿ ಬರಬೇಕು ಅನ್ನುವುದು ಗೊತ್ತಿತ್ತು. ಹೊಸ ಗಾರ್ಡ್ ಜಾಣ, ಶಾಟ್ ಚೆನ್ನಾಗಿತ್ತು, ಆದರೆ ಒಳಗೆ ನೋಡುತ್ತಲೇ ಇರಲಿಲ್ಲ. ಸೆಂಟರ್ ಕಷ್ಟಪಟ್ಟು ಜಾಗ ಹಿಡಿದು ಕೈ ಎತ್ತುತ್ತಾನೆ, ಚೆಂಡು ಬರುವುದಿಲ್ಲ. ಮೂರು ಸೆಕೆಂಡ್ ಆಗುವ ಮೊದಲು ಪೇಂಟ್‌ನಿಂದ, ಅಂದರೆ ರಿಂಗ್ ಮುಂದೆ ಗುರುತು ಹಾಕಿದ ಜಾಗದಿಂದ, ಹೊರಗೆ ಬರಲೇಬೇಕು. ಹೀಗೆ ನಾಲ್ಕು ಸಲ ಆದರೆ ಐದನೇ ಸಲ ಅವನು ಓಡಿ ಬರುವುದನ್ನೇ ಬಿಡುತ್ತಾನೆ. ಯಾರಾದರೂ ಬಿಡುತ್ತಾರೆ, ಅಲ್ವಾ?

ಆಗಿನಿಂದ ನಾನು ತಂಡವನ್ನು ಜೋಡಿಗಳಲ್ಲಿ ಬರೆಯುತ್ತೇನೆ. ಪ್ರತಿ ಎತ್ತರದ ಹುಡುಗನ ಹೆಸರಿನ ಮುಂದೆ ಅವನಿಗೆ ಚೆಂಡು ಕೊಡುವ ಗಾರ್ಡ್‌ನ ಹೆಸರು, ಪಕ್ಕದಲ್ಲಿ ಇಬ್ಬರ ವರ್ಷ. ಇಬ್ಬರೂ ಒಂದೇ ವರ್ಷದವರಾದರೆ ಎರಡು ವರ್ಷ ಚೆನ್ನಾಗಿರುತ್ತದೆ, ಮೂರನೆಯದರ ಕೊನೆಗೆ ಒಟ್ಟಿಗೆ ಎರಡು ಗೀಟು. ಅದಕ್ಕೆ ಪ್ರತಿ ಸೆಂಟರ್‌ಗೂ ಇಬ್ಬರು ಗಾರ್ಡ್ ಕಟ್ಟುತ್ತೇನೆ, ಒಬ್ಬ ಅವನಿಗಿಂತ ಹಿರಿಯ, ಒಬ್ಬ ಕಿರಿಯ. ಅಭ್ಯಾಸಕ್ಕೆ ಮೊದಲು ಈ ಮೂವರೇ ಬರಬೇಕು. ರಕ್ಷಣೆಗೆ ಯಾರೂ ಇಲ್ಲ, ಸುಮ್ನೆ ಒಳಗೆ ಪಾಸ್ ಹಾಕುವುದು, ಹೊರಗೆ ವಾಪಸ್ ಕೊಡುವುದು. ಅಭ್ಯಾಸ ಪಂದ್ಯದಲ್ಲಿ ಒಂದು ಕಟ್ಟಳೆ: ಚೆಂಡು ಒಂದು ಸಲ ಪೇಂಟ್ ಮುಟ್ಟಿ ಬರದೆ ಯಾರೂ ಶಾಟ್ ಹಾಕುವಂತಿಲ್ಲ. ಗಾರ್ಡ್‌ಗಳು ಗೊಣಗುತ್ತಾರೆ. ಶಾಟ್ ಹಾಕೋಕೆ ಇರೋ 24 ಸೆಕೆಂಡ್‌ನಲ್ಲಿ ಎಲ್ಲಾ ಆಗಲ್ಲ ಸರ್ ಅನ್ನುತ್ತಾರೆ. ಆಗುತ್ತದೆ. ಆರು ಸೆಕೆಂಡ್‌ನಲ್ಲಿ ಒಳಗೆ ಕೊಟ್ಟರೆ ಇನ್ನೂ ಹದಿನೆಂಟು ಉಳಿಯುತ್ತದೆ.

ಆ ಹುಡುಗನ ಮೂರನೇ ವರ್ಷ ಚೆನ್ನಾಗಿಯೇ ಹೋಯಿತು. ವಿಶ್ವವಿದ್ಯಾಲಯದ ಆಯ್ಕೆ ಶಿಬಿರದವರೆಗೆ ಹೋದ, ಕೊನೆಯ ಹನ್ನೆರಡರಲ್ಲಿ ಬರಲಿಲ್ಲ. ಬಿ.ಕಾಂ. ಪಾಸಾದ. ಈಗ ಹುಣಸೂರಿನಲ್ಲಿ ಕೆಲಸದಲ್ಲಿದ್ದಾನೆ, ಭಾನುವಾರ ಬಂದರೆ ಹೊಸ ಸೆಂಟರ್‌ಗಳ ಬೆನ್ನಿಗೆ ಭುಜ ಕೊಟ್ಟು ನಿಲ್ಲುತ್ತಾನೆ. ಅವನಿಂದ ಅವರು ನನಗಿಂತ ಬೇಗ ಕಲಿಯುತ್ತಾರೆ. ನಾನು ಐದಡಿ ಏಳಿಂಚು, ನನ್ನ ಭುಜ ಅವರ ಎದೆಮಟ್ಟಕ್ಕೆ ಬರುತ್ತದೆ.

ಈ ವರ್ಷ ಐದು ಗೀಟು. ಹೊಸದಾಗಿ ಇಬ್ಬರು ಎತ್ತರದವರು ಸಿಕ್ಕಿದ್ದಾರೆ. ಒಬ್ಬ ಕೆ.ಆರ್. ನಗರದವನು, ಕೈ ಒಳ್ಳೆಯದು, ಕಾಲು ಇನ್ನೂ ಬಂದಿಲ್ಲ. ಇನ್ನೊಬ್ಬ ಕೊಡಗಿನವನು, ಹಾಕಿ ಆಡಿದ್ದಾನೆ, ಬಗ್ಗಿ ಓಡುವುದು ಅವನಿಗೆ ಸಲೀಸು, ರಿಂಗ್ ನೋಡಲು ತಲೆ ಎತ್ತುವುದನ್ನೇ ಕಲಿಸಬೇಕಾಗಿದೆ. ಇಬ್ಬರಿಗೂ ಎರಡನೇ ವರ್ಷದ ಒಬ್ಬನೇ ಗಾರ್ಡ್ ಇದ್ದಾನೆ. ಮೊದಲ ವರ್ಷದವರಲ್ಲಿ ಒಳಗೆ ನೋಡಿ ಪಾಸ್ ಕೊಡುವವನೊಬ್ಬ ಬೇಕು. ಬಿ.ಎಸ್ಸಿ. ಸೆಕ್ಷನ್‌ನಲ್ಲಿ ಐದಡಿ ಐದಿಂಚಿನ ಒಬ್ಬ ಇದ್ದಾನಂತೆ. ನಾಳೆ ಸಂಜೆ ಬಾ ಅಂತ ಹೇಳಿ ಕಳಿಸಿದ್ದೇನೆ.