ಎಡಗಡೆ ಕಂಡದ್ದು, ಬಲಗಡೆ ಊಹೆ

ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವ ನಾನು ವಿಡಿಯೊ ಗೇಮ್ ಆಡುತ್ತೇನೆ ಎಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಬಂದೂಕು, ಕಾರು, ಕ್ರಿಕೆಟ್ಟು. ನಾನು ಆಡುವ ಆಟಗಳಲ್ಲಿ ಈ ಮೂರೂ ಇರುವುದಿಲ್ಲ. ಒಬ್ಬರೋ, ಹತ್ತು ಹನ್ನೆರಡು ಮಂದಿಯೋ ಸೇರಿ ವರ್ಷಗಟ್ಟಲೆ ಕೂತು ಮಾಡಿದ, ಒಗಟು ಬಿಡಿಸುತ್ತ, ಗೊತ್ತಿಲ್ಲದ ಜಾಗವೊಂದನ್ನು ಸುತ್ತಿ ಸುತ್ತಿ ತಿಳಿದುಕೊಳ್ಳುತ್ತ ಹೋಗುವ ಚಿಕ್ಕ ಆಟಗಳು ಅವು. ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಮಕ್ಕಳಾಟ ಎಂದಾಗ ನಾನು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನಪಿಸಿದೆ. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ಭಾಗಗಳಲ್ಲಿ, ಎಂದರೆ ನಿಧಿಗಳಲ್ಲಿ, ಕೌತುಕನಿಧಿ ಎಂಬುದು ಆಟಗಳಿಗೇ ಮೀಸಲಾದದ್ದು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ಸಮಸ್ಯೆಗೆ ಸ್ವತಃ ಪರಿಹಾರಗಳನ್ನು ರಚಿಸಿದ ಅರಸರು ಅವರು. ನಮ್ಮ ಸೀಮೆಯಲ್ಲಿ ಒಗಟನ್ನು ಹಗುರವಾಗಿ ಕಂಡವರು ಕಡಿಮೆ.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ಒಂದು ಬೇಸಿಗೆ ರಜೆಯಲ್ಲಿ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಬಿಟ್ಟುಹೋದ. ಅದರಲ್ಲಿ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಎಂಬ ಆಟವಿತ್ತು. ಲ್ಯೂಕಸ್ ಪೋಪ್ ಎಂಬವರು ಬಹುಮಟ್ಟಿಗೆ ಒಬ್ಬರೇ ಕೂತು ಮಾಡಿ 2018ರಲ್ಲಿ ಹೊರತಂದ ಆಟ ಅದು. ಅದರ ಚಿತ್ರಗಳೆಲ್ಲ ಎರಡೇ ಬಣ್ಣದ ಚುಕ್ಕೆಗಳಿಂದಾದವು. 1802ರಲ್ಲಿ ಲಂಡನ್ನಿನಿಂದ ಹೊರಟು ಕಣ್ಮರೆಯಾದ ವ್ಯಾಪಾರದ ಹಡಗೊಂದು 1807ರ ಅಕ್ಟೋಬರಿನಲ್ಲಿ ನರಪಿಳ್ಳೆಯೂ ಇಲ್ಲದೆ ತೇಲಿಕೊಂಡು ಬಂದರಿಗೆ ಬರುತ್ತದೆ. ಆಡುವವರು ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿಯಾಗಿ ಹಡಗು ಹತ್ತಿ, ಅದರಲ್ಲಿದ್ದ 60 ಮಂದಿಯ ಹೆಸರೇನು, ಒಬ್ಬೊಬ್ಬರಿಗೂ ಏನಾಯಿತು ಎಂಬುದನ್ನು ಪುಸ್ತಕವೊಂದರಲ್ಲಿ ತುಂಬಬೇಕು. ಶ್ರೀರಂಗಪಟ್ಟಣವನ್ನು ಇದೇ ಕಂಪನಿ ಹಿಡಿದದ್ದು 1799ರಲ್ಲಿ, ಎಂದರೆ ಈ ಹಡಗು ಹೊರಡುವುದಕ್ಕೆ ಮೂರೇ ವರ್ಷ ಮೊದಲು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಕಂಪನಿಯ ನಷ್ಟದ ಲೆಕ್ಕ ಬರೆಯುವ ಕೆಲಸ ಮೊದಲ ಗಂಟೆಯೆಲ್ಲ ಇರಿಸುಮುರಿಸಾಗಿಯೇ ಇತ್ತು. ನಾವಿಕರ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಇಂಡಿಯಾ’ ಎಂದಿದ್ದ ಕೆಲವರನ್ನು ಕಂಡ ಮೇಲೆ, ಲೆಕ್ಕ ಕಂಪನಿಯದಾದರೂ ಇವರ ಹೆಸರುಗಳನ್ನು ತಪ್ಪಾಗಿ ಬರೆಯಬಾರದೆಂಬ ಹಟ ಬಂತು.

ನೋಟ್‌ಬುಕ್ಕು ಹಿಡಿದದ್ದು ಆ ಹಟದಿಂದ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕೊಂದನ್ನು ತಂದು, ಎಡಗಡೆಯ ಪುಟದಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ಪೆನ್ನಿನಿಂದ, ಬಲಗಡೆಯ ಪುಟದಲ್ಲಿ ನನ್ನ ಊಹೆಯನ್ನು ಪೆನ್ಸಿಲಿನಿಂದ ಬರೆಯತೊಡಗಿದೆ. ಇವೆರಡನ್ನೂ ಒಂದೇ ಪುಟದಲ್ಲಿ ಬರೆದಾಗ ಎರಡು ದಿನ ಕಳೆಯುವಷ್ಟರಲ್ಲಿ ಯಾವುದು ಕಂಡದ್ದು, ಯಾವುದು ನಾನೇ ಸೇರಿಸಿದ್ದು ಎಂಬುದು ನನಗೇ ತಿಳಿಯುತ್ತಿರಲಿಲ್ಲ. ಈ ಆಟದಲ್ಲಿ ಅದು ದೊಡ್ಡ ತಪ್ಪು. ಕೈಯಲ್ಲಿರುವ ಗಡಿಯಾರ ಒಬ್ಬ ಮನುಷ್ಯ ಸತ್ತ ಕ್ಷಣವನ್ನು ಶಿಲೆಯಂತೆ ನಿಲ್ಲಿಸಿ ತೋರಿಸುತ್ತದೆ. ನಾವು ಅದರೊಳಗೆ ಓಡಾಡಿ ಸುತ್ತಲೂ ನೋಡಬಹುದು. ಮೂವರ ವಿವರ ಪೂರ್ತಿ ಸರಿಯಾದಾಗ ಮಾತ್ರ ಆಟ ಅದನ್ನು ಒಪ್ಪಿಕೊಂಡು ಪುಸ್ತಕದಲ್ಲಿ ಅಚ್ಚು ಮಾಡುತ್ತದೆ. ಹೀಗಾಗಿ ಬಾಯಿಗೆ ಬಂದ ಹೆಸರು ತುಂಬಿ ಪಾರಾಗುವುದು ಸುಲಭವಲ್ಲ.

ನಾವಿಕರು ಮಲಗುವ ಜೋಲಿಗಳು ಸಾಲಾಗಿ ತೂಗುವ ದೃಶ್ಯವೊಂದು ಅದರಲ್ಲಿದೆ. (ಒಂದು ಸುಳಿವನ್ನು ಇಲ್ಲಿ ಬಿಟ್ಟುಕೊಡುತ್ತಿದ್ದೇನೆ; ಆಡುವ ಮನಸ್ಸಿರುವವರು ಮುಂದಿನ ಪ್ಯಾರಾಕ್ಕೆ ಹೋಗಬೇಕೆಂದು ವಿನಂತಿ.) ಆ ದೃಶ್ಯವನ್ನು ನಾನು ಹತ್ತು ಸಲವಾದರೂ ನೋಡಿದ್ದೆ. ಪ್ರತಿ ಸಲವೂ ಮುಖಗಳನ್ನು, ಗಡ್ಡಗಳನ್ನು, ಟೊಪ್ಪಿಗೆಗಳನ್ನು ನೋಡಿ ಎಡಪುಟದಲ್ಲಿ ಬರೆದುಕೊಂಡಿದ್ದೆ. ಒಂದು ರಾತ್ರಿ ಎಡಪುಟವನ್ನು ಓದುತ್ತಿದ್ದಾಗ ಜೋಲಿಯಲ್ಲಿರುವವರ ಬಗ್ಗೆ ಇಷ್ಟೆಲ್ಲ ಬರೆದ ನಾನು ಜೋಲಿಯ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲವೆಂಬುದು ಹೊಳೆಯಿತು. ಮತ್ತೆ ಒಳಗೆ ಹೋಗಿ ನೋಡಿದರೆ ಪ್ರತಿ ಜೋಲಿಗೂ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಒಂದು ಸಂಖ್ಯೆ. ಹಡಗಿನ ಪಟ್ಟಿಯಲ್ಲೂ ಹೆಸರುಗಳ ಪಕ್ಕದಲ್ಲಿ ಸಂಖ್ಯೆಗಳಿವೆ. ಯಾರೂ ಹೇಳಿಕೊಡದೆ, ಬಾಣದ ಗುರುತೂ ಇಲ್ಲದೆ, ಮೊದಲಿನಿಂದಲೂ ಕಣ್ಣೆದುರಿಗೇ ಇದ್ದದ್ದು ಅದು. ಆ ರಾತ್ರಿ ಎರಡು ಗಂಟೆಯವರೆಗೆ ಕೂತು ಬಲಪುಟದ ಪೆನ್ಸಿಲ್ ಬರಹವನ್ನು ಒಂದೊಂದಾಗಿ ಅಳಿಸಿ ಪೆನ್ನಿನಿಂದ ಬರೆದೆ.

ಒಳ್ಳೆಯ ಒಗಟಿನ ಆಟ ಯಾವುದು ಎಂಬುದಕ್ಕೆ ನನ್ನ ಅಳತೆ ಅಲ್ಲಿಂದ ಹುಟ್ಟಿತು. ಉತ್ತರ ತಿಳಿದ ಕೂಡಲೇ ‘ಇದು ಮೊದಲೇ ಕಾಣಿಸುತ್ತಿತ್ತಲ್ಲ’ ಎನ್ನಿಸಬೇಕು. ‘ಇದನ್ನು ಯಾರು ತಾನೇ ಊಹಿಸಿಯಾರು’ ಎನ್ನಿಸಿದರೆ ಆ ಒಗಟನ್ನು ಕಟ್ಟಿದವರು ಸೋತಿದ್ದಾರೆ ಎಂದೇ ನನ್ನ ತೀರ್ಮಾನ.

ಈ ಅಳತೆಯಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ‘ಔಟರ್ ವೈಲ್ಡ್ಸ್’ ಆಟವನ್ನು. ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರಬಂಧವಾಗಿ ಆರಂಭಿಸಿದ ಕೆಲಸ ಬೆಳೆದು 2019ರಲ್ಲಿ ಆಟವಾಗಿ ಹೊರಬಂತು. ಒಂದು ಪುಟ್ಟ ಸೌರಮಂಡಲ, ಒಂದು ಮರದ ಚೌಕಟ್ಟಿನ ನೌಕೆ, 22 ನಿಮಿಷ. ಅಷ್ಟು ಹೊತ್ತಿಗೆ ಸೂರ್ಯ ಸಿಡಿದು ಎಲ್ಲವೂ ಮುಗಿಯುತ್ತದೆ. ಮತ್ತೆ ಆಟ ಶುರುವಾದ ಅದೇ ಬೆಂಕಿಯ ಪಕ್ಕದಲ್ಲಿ ಕಣ್ಣು ಬಿಡುತ್ತೇವೆ. ಹಿಂದಿನ ಸುತ್ತಿನಿಂದ ಯಾವ ಆಯುಧವೂ, ಕೀಲಿಕೈಯೂ, ಶಕ್ತಿಯೂ ಬರುವುದಿಲ್ಲ. ಬರುವುದು ತಿಳಿವಳಿಕೆ ಮಾತ್ರ. ನೌಕೆಯ ದಾಖಲೆ ಫಲಕವೂ ನಾವು ಕಂಡದ್ದನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಕೊನೆಯ ಬಾಗಿಲನ್ನು ಮೊದಲ ದಿನವೇ ತೆರೆಯಬಹುದಿತ್ತು, ತೆರೆಯುವ ಬಗೆ ಗೊತ್ತಿರಲಿಲ್ಲ, ಅಷ್ಟೆ.

ಒಂದನ್ನೊಂದು ಸುತ್ತುವ ಜೋಡಿ ಗ್ರಹಗಳು ಅದರಲ್ಲಿವೆ. ಒಂದರ ಮೇಲಿನ ಮರಳು ಕಂಬದಂತೆ ಇನ್ನೊಂದರ ಮೇಲೆ ಸುರಿಯುತ್ತದೆ. ಒಂದು ಬರಿದಾದಂತೆ ಹೂತುಹೋದ ಗೋಪುರಗಳು ಮೇಲೇಳುತ್ತವೆ, ಇನ್ನೊಂದು ತುಂಬಿದಂತೆ ಅಲ್ಲಿನ ಗುಹೆಗಳು ಮುಚ್ಚಿಹೋಗುತ್ತವೆ. ಗುಹೆಯೊಳಗೆ ದಾರಿ ಹುಡುಕುತ್ತ ಹೋದ ನಾನು ಏರುವ ಮರಳಿಗೂ ತಲೆಯ ಮೇಲಿನ ಬಂಡೆಗೂ ನಡುವೆ ಸಿಕ್ಕಿ ಸತ್ತದ್ದು ಲೆಕ್ಕವಿಲ್ಲ. ಆ ವಾರ ಅಪ್ಪ ಊರಿನಿಂದ ಬಂದಿದ್ದರು. ನಮ್ಮ ಊರು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ಕಾಲದಲ್ಲಿ ಎಷ್ಟನೆಯ ದಿನ, ಎಷ್ಟು ಹೊತ್ತಿಗೆ ತಮ್ಮ ಗದ್ದೆಗೆ ನೀರು ಮುಟ್ಟುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಬದುಕಿದವರು ಅವರು. ಅರ್ಧ ಗಂಟೆ ಸುಮ್ಮನೆ ನೋಡುತ್ತ ಕೂತಿದ್ದವರು, “ನೀರು ಬಂದ್ಮೇಲೆ ತೂಬು ಹುಡುಕ್ತೀಯಲ್ಲ ಕನವ್ವ, ಬರೋಕ್ ಮುಂಚೆ ಹೋಗ್ಬೇಕು. ಮೊದ್ಲು ಅದು ಎಷ್ಟೊತ್ತಿಗೆ ಎಲ್ಲಿಗ್ ಬತ್ತದೆ ಅಂತ ಬರ್ಕೊ” ಎಂದರು.

ಬರೆದುಕೊಂಡೆ. ಮೂರು ಸುತ್ತುಗಳಲ್ಲಿ ಏನನ್ನೂ ಹುಡುಕದೆ, ಒಂದೇ ಕಡೆ ನಿಂತು, ಯಾವ ನಿಮಿಷಕ್ಕೆ ಮರಳು ಯಾವ ಮಟ್ಟಕ್ಕೆ ಬಂತು ಎಂಬುದನ್ನಷ್ಟೇ ಎಡಪುಟದಲ್ಲಿ ಗುರುತು ಹಾಕಿದೆ. ಯಾವ ಗುಹೆಗೆ ಮೊದಲು ಹೋಗಬೇಕು, ಯಾವ ಜಾಗಕ್ಕೆ ಮರಳೇ ಏರಿ ನಮ್ಮನ್ನು ಎತ್ತಿಕೊಡುವವರೆಗೆ ಕಾಯಬೇಕು ಎಂಬುದು ಆ ಕೋಷ್ಟಕದಿಂದಲೇ ತಿಳಿಯಿತು. ನಾನು ಕೈಯ ಚುರುಕಿಲ್ಲದವಳು. ಈ ಆಟ ಬೇಡುವುದು ಆ ಚುರುಕನ್ನಲ್ಲ, ನಿಂತು ನೋಡುವ ತಾಳ್ಮೆಯನ್ನು ಎಂಬುದು ನನಗೆ ದೊಡ್ಡ ಸಮಾಧಾನ ತಂದಿತು.

ಇದೇ ಆಟದಲ್ಲಿ ನನಗೊಂದು ನಷ್ಟವೂ ಆಯಿತು. ಇನ್ನೂ ಅರ್ಧ ದಾರಿಯಲ್ಲಿದ್ದಾಗ, ಬೇರೇನನ್ನೋ ನೋಡಲು ಫೋನ್ ತೆರೆದೆ. ಯಾರದೋ ವಿಡಿಯೊದ ಮುಖಚಿತ್ರದಲ್ಲಿ ನಾನು ಮುಟ್ಟಬೇಕಾಗಿದ್ದ ಜಾಗವೇ, ದೊಡ್ಡ ಅಕ್ಷರದ ವಿವರಣೆಯೊಂದಿಗೆ ಕಾಣಿಸಿತು. ಒಂದು ಕ್ಷಣದ ನೋಟ. ಇಂಥ ಆಟಗಳನ್ನು ಒಂದೇ ಸಲ ಆಡಲು ಸಾಧ್ಯ. ತಿಳಿದದ್ದನ್ನು ತಿಳಿಯದಂತೆ ಮಾಡಿಕೊಳ್ಳಲು ಬರುವುದಿಲ್ಲ. ಆ ಜಾಗವನ್ನು ನಾನೇ ಕಂಡುಕೊಳ್ಳುವ ಸಂತೋಷ ಶಾಶ್ವತವಾಗಿ ಹೋಯಿತು, ಅದರ ಬೇಸರ ಈಗಲೂ ಇದೆ. ಅಂದಿನಿಂದ ಆಟವೊಂದು ನಡೆಯುತ್ತಿರುವಾಗ ಅದರ ಹೆಸರನ್ನು ಎಲ್ಲಿಯೂ ಹುಡುಕುವುದಿಲ್ಲ. ಸಿಕ್ಕಿಹಾಕಿಕೊಂಡರೆ ಮೂರು ಸಂಜೆ ಕಾಯುತ್ತೇನೆ, ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದುತ್ತೇನೆ, ಅದಕ್ಕೂ ಬಗ್ಗದಿದ್ದರೆ ಅಕ್ಕನ ಮಗನಿಗೆ ಫೋನ್ ಮಾಡುತ್ತೇನೆ. ಅವನು ಉತ್ತರ ಹೇಳುವವನಲ್ಲ. “ಚಿಕ್ಕಮ್ಮ, ಆ ರೂಮಿಗೆ ಇನ್ನೊಂದ್ಸಲ ಹೋಗಿ. ಏನೂ ಮುಟ್ಬೇಡಿ, ಸುಮ್ನೆ ನಿಂತು ನೋಡಿ” ಎನ್ನುತ್ತಾನೆ. ನೂರಕ್ಕೆ ತೊಂಬತ್ತು ಸಲ ಅಷ್ಟೇ ಸಾಕಾಗುತ್ತದೆ.

ಹಿಡಿಸದ ಸಂಗತಿಗಳನ್ನೂ ಹೇಳಬೇಕು. 2016ರ ‘ದಿ ವಿಟ್ನೆಸ್’ ಒಂದೇ ಒಂದು ಮಾತೂ ಆಡದೆ ಗೆರೆ ಎಳೆಯುವ ಒಗಟುಗಳ ನಿಯಮಗಳನ್ನು ಕಲಿಸುತ್ತದೆ. ಸೂತ್ರ ಹೇಳದೆ ನಾಲ್ಕು ಉದಾಹರಣೆಗಳನ್ನು ಮುಂದಿಟ್ಟು ಸಂಧಿ ಪಾಠ ಮಾಡುವ ನನಗೆ ಅದರ ಮೊದಲ ಭಾಗ ಬೆರಗು ಹುಟ್ಟಿಸಿತು. ಆದರೆ 500ಕ್ಕೂ ಹೆಚ್ಚು ಒಗಟುಗಳಿರುವ ಆ ದ್ವೀಪದಲ್ಲಿ ಕಲಿತದ್ದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸುವ ಕಡೆ ಬೇಸರವಾಗುತ್ತದೆ. 2022ರ ‘ಟ್ಯೂನಿಕ್’ ಆಟದಲ್ಲಿ ಗೊತ್ತಿಲ್ಲದ ಲಿಪಿಯ ಕೈಪಿಡಿಯೊಂದು ಹಾಳೆ ಹಾಳೆಯಾಗಿ ಸಿಗುವುದು ಅಪೂರ್ವವಾದ ಕಲ್ಪನೆ. ನಡುನಡುವಿನ ಕತ್ತಿವರಸೆ ನನ್ನ ಕೈಗೆ ಮೀರಿದ್ದು. ಪೆಟ್ಟು ಬಿದ್ದರೂ ಸಾಯದಂತೆ ಮಾಡಿಕೊಳ್ಳುವ ಆಯ್ಕೆ ಅದರಲ್ಲೇ ಇದೆ. ಅದನ್ನು ಬಳಸಿದೆ, ಬಳಸಿರೆಂದು ಇತರರಿಗೂ ಹೇಳುತ್ತೇನೆ. 2025ರ ‘ಬ್ಲೂ ಪ್ರಿನ್ಸ್’ ಬಂಗಲೆಯಲ್ಲಿ ದಿನಕ್ಕೊಂದು ಬಗೆಯಾಗಿ ಕೋಣೆಗಳು ಜೋಡಣೆಯಾಗುವುದು ಚೆನ್ನ, ಆದರೆ ಬಿಡಿಸಿದ ಒಗಟಿನ ಉತ್ತರವನ್ನು ಪ್ರಯೋಗಿಸಲು ಬೇಕಾದ ಕೋಣೆ ಅದೃಷ್ಟದಿಂದಲೇ ಬರಬೇಕೆನ್ನುವುದನ್ನು ನಾನು ಒಪ್ಪಲಾರೆ. ಅದರ ಒಗಟುಗಳಲ್ಲಿ ಇಂಗ್ಲಿಷ್ ಪದಚಮತ್ಕಾರವೂ ಬಹಳ.

ಭಾಷೆಯ ಮಾತು ಬಂದದ್ದರಿಂದ ಇನ್ನೆರಡು ಆಟಗಳ ಬಗ್ಗೆ ಹೇಳಲೇಬೇಕು. ಫ್ರಾನ್ಸಿನ ರಂಡಿಸ್ಕ್ ತಂಡ 2023ರಲ್ಲಿ ತಂದ ‘ಚಾಂಟ್ಸ್ ಆಫ್ ಸೆನ್ನಾರ್’ ಆಟದಲ್ಲಿ ಎತ್ತರದ ಗೋಪುರವೊಂದರ ಅಂತಸ್ತು ಅಂತಸ್ತಿನಲ್ಲಿ ಬೇರೆ ಬೇರೆ ಜನ, ಬೇರೆ ಬೇರೆ ಲಿಪಿ. ಸನ್ನೆ, ಫಲಕ, ಗೋಡೆಯ ಚಿತ್ರಗಳನ್ನು ನೋಡಿ ಚಿಹ್ನೆಗಳ ಅರ್ಥ ಊಹಿಸುತ್ತ ಹೋಗಬೇಕು. ಮೊದಲ ಅಂತಸ್ತಿನವರು ಬಹುವಚನಕ್ಕೆ ಒಂದೇ ಚಿಹ್ನೆಯನ್ನು ಎರಡು ಸಲ ಬರೆಯುತ್ತಾರೆಂಬುದು ನನಗೆ ತಟ್ಟನೆ ಹೊಳೆಯಿತು; ಲೋಪಸಂಧಿಗೆ ‘ಊರು + ಊರು = ಊರೂರು’ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವಳು ನಾನು.

‘ಬಾಬಾ ಈಸ್ ಯೂ’ ಇದಕ್ಕೆ ತಿರುಗುಮುರುಗು. ಫಿನ್ಲೆಂಡಿನ ಆರ್ವಿ ತೇಕರಿ 2019ರಲ್ಲಿ ಹೊರತಂದ ಈ ಆಟದಲ್ಲಿ ನಿಯಮಗಳೇ ಮೂರು ಮೂರು ಪದಗಳ ವಾಕ್ಯಗಳಾಗಿ ನೆಲದ ಮೇಲೆ ಬಿದ್ದಿರುತ್ತವೆ. ‘ವಾಲ್ ಈಸ್ ಸ್ಟಾಪ್’ ಎಂದು ಮೂರು ಪದ ಸಾಲಾಗಿರುವವರೆಗೆ ಗೋಡೆ ತಡೆಯುತ್ತದೆ. ಒಂದು ಪದವನ್ನು ಆಚೆ ತಳ್ಳಿದರೆ ಗೋಡೆ ಅಲ್ಲಿಯೇ ಇದ್ದರೂ ಅದರೊಳಗಿಂದ ನಡೆದುಹೋಗಬಹುದು. ‘ಫ್ಲ್ಯಾಗ್ ಈಸ್ ವಿನ್’ ಎಂಬಲ್ಲಿ ‘ಫ್ಲ್ಯಾಗ್’ ತೆಗೆದು ‘ರಾಕ್’ ಸೇರಿಸಿದರೆ ಬಾವುಟದ ಬದಲು ಬಂಡೆಯನ್ನು ಮುಟ್ಟಿ ಗೆಲ್ಲಬಹುದು. ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನು ಕನ್ನಡದಲ್ಲಿ ಆಡಿಸೋಣವೆಂದು ರಟ್ಟಿನ ಚೀಟಿಗಳನ್ನು ಮಾಡಲು ಕೂತೆ. ಮೊದಲ ವಾಕ್ಯಕ್ಕೇ ಕೈ ನಿಂತಿತು. ನಮ್ಮಲ್ಲಿ ‘ಈಸ್’ ಎಲ್ಲಿದೆ? ‘ಗೋಡೆ ತಡೆ’, ‘ಬಾವುಟ ಗೆಲುವು’, ‘ಬಾಬಾ ನೀನು’ ಎಂದರೆ ಮುಗಿಯಿತು, ಕ್ರಿಯಾಪದವೇ ಬೇಡ. ಮೂರು ಚೀಟಿಗಳ ಒಗಟು ಕನ್ನಡದಲ್ಲಿ ಎರಡು ಚೀಟಿಗಳದಾಗುತ್ತದೆ. ನಡುವಿನ ಪದವನ್ನು ಕದಲಿಸಿ ವಾಕ್ಯ ಒಡೆಯುವ ಉಪಾಯಗಳೆಲ್ಲ ಬಿದ್ದುಹೋದವು. ಮೂಲದ ಹಂತಗಳನ್ನು ಬಿಟ್ಟು, ಚೌಕುಳಿ ಹಾಳೆಯ ಮೇಲೆ ಎರಡೇ ಪದಗಳಿಗೆ ಹೊಂದುವ ಐದು ಹಂತಗಳನ್ನು ನಾನೇ ಬರೆಯಬೇಕಾಯಿತು. ಅದಕ್ಕೆ ಎರಡು ಭಾನುವಾರ ಹಿಡಿಯಿತು.

ಶನಿವಾರದ ಬೆಳಗಿನ ತರಗತಿಯಲ್ಲಿ ಬೆಂಚಿಗೊಂದು ಹಾಳೆ, ಒಂದು ಗೊಂಚಲು ಚೀಟಿ ಕೊಟ್ಟೆ. ಮೂರನೆಯ ಹಂತದಲ್ಲಿ ‘ಗೋಡೆ’, ‘ತಡೆ’ ಎರಡನ್ನೂ ಬೇರೆ ಮಾಡಿ ದಾರಿ ತೆರೆಯಬೇಕೆಂಬುದು ನನ್ನ ಉದ್ದೇಶ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಚೀಟಿಗಳನ್ನು ಬೇರೆ ಮಾಡಲಿಲ್ಲ, ಅದಲುಬದಲು ಮಾಡಿದಳು. “ಮಿಸ್, ಈಗ ಇದು ತಡೆಗೋಡೆ. ನಾಲೆ ಪಕ್ಕ ಕಟ್ತಾರಲ್ಲ, ಅದು. ತಡೆಗೋಡೆ ಮೇಲೆ ನಾವು ನಡ್ಕೊಂಡ್ ಹೋಗ್ತೀವಿ, ಅದು ನೀರನ್ನ ಮಾತ್ರ ತಡೆಯೋದು” ಎಂದಳು. ಇಂಗ್ಲಿಷಿನ ಆಟದಲ್ಲಿ ಆಗದ ಸಂಗತಿ ಅದು. ಅವಳ ಹೆಜ್ಜೆ ಸರಿಯೋ ತಪ್ಪೋ ಎಂದು ಹೇಳುವ ನಿಯಮವನ್ನು ನಾನು ಇನ್ನೂ ಬರೆದಿರಲಿಲ್ಲ. ಅವಳು ಇಟ್ಟ ಚೀಟಿಗಳನ್ನು ಇದ್ದ ಹಾಗೆಯೇ ನೋಟ್‌ಬುಕ್ಕಿನ ಎಡಪುಟದಲ್ಲಿ ಪೆನ್ನಿನಿಂದ ಬರೆದುಕೊಂಡೆ. ಬಲಪುಟದಲ್ಲಿ ಈಗ ಪೆನ್ಸಿಲಿನಲ್ಲಿ ಎರಡು ನಿಯಮಗಳಿವೆ. ಬರುವ ಶನಿವಾರ ಎರಡನ್ನೂ ಅವಳ ಬೆಂಚಿನಲ್ಲೇ ಆಡಿಸಿ ನೋಡಬೇಕು.